ಒಂದು ರೂಪಾಯಿ ನಾಣ್ಯಕ್ಕೆ ಇನ್ನೂ ಕೆಲಸ ಇದೆ

ಪ್ರಶ್ನೆ: ಸರ್, ಕೇರಳದ ಕಾಸರಗೋಡು ಜಿಲ್ಲೆಯ ಬದಿಯಡ್ಕದ ಹತ್ತಿರ ನನ್ನದೊಂದು ಸಣ್ಣ ದಿನಸಿ ಅಂಗಡಿ. ಎಂಟಾಣೆಯನ್ನು ಈಗ ಯಾರೂ ಮುಟ್ಟುವುದಿಲ್ಲ. ಒಂದು, ಎರಡು ರೂಪಾಯಿ ನಾಣ್ಯವೂ ಬೇಕಾದಾಗ ಸಿಗುವುದಿಲ್ಲ. ಚಿಲ್ಲರೆಗಾಗಿ ದಿನಾ ಗಿರಾಕಿಗಳ ಜೊತೆ ಮಾತಿಗೆ ಮಾತು ಬೆಳೆಯುತ್ತದೆ. ಅಮೆರಿಕದಲ್ಲೇ ಒಂದು ಸೆಂಟ್ ಅಚ್ಚು ಹಾಕುವುದನ್ನು ನಿಲ್ಲಿಸಿದ್ದಾರಂತೆ. ನಮ್ಮಲ್ಲೂ ಐದು ರೂಪಾಯಿಗಿಂತ ಕೆಳಗಿನ ನಾಣ್ಯವೆಲ್ಲ ತೆಗೆದು, ಎಲ್ಲವನ್ನೂ ಐದರ ಲೆಕ್ಕಕ್ಕೆ ತಂದರೆ ಸುಲಭ ಅಲ್ವಾ? ನನ್ನ ಡಬ್ಬದಲ್ಲಿ ಎಂಟಾಣೆಗಳ ರಾಶಿಯೇ ಇದೆ. ಅದನ್ನು ಏನು ಮಾಡಲಿ?

ಉತ್ತರ:

ಎಂಟಾಣೆಯನ್ನು ತೆಗೆಯಬೇಕು. ಅದನ್ನೂ ಸರಕಾರ ಬಾಯಿ ಬಿಟ್ಟು ಹೇಳಿ, ದಿನಾಂಕ ಕೊಟ್ಟು ತೆಗೆಯಬೇಕು. ಒಂದು ಮತ್ತು ಎರಡು ರೂಪಾಯಿಯನ್ನು ಈಗ ತೆಗೆಯಬಾರದು. ಬ್ಯಾಂಕಿನ ನಗದು ಕೌಂಟರಿನಲ್ಲಿ ವರ್ಷಗಟ್ಟಲೆ ನಾಣ್ಯ ಎಣಿಸಿ ನಿವೃತ್ತನಾದ ನನ್ನ ಖಚಿತ ಅಭಿಪ್ರಾಯ ಇದು. ಯಾವ ನಾಣ್ಯ ತೆಗೆಯುವುದಾದರೂ ಮೊದಲು ಆಗಬೇಕಾದ ಕೆಲಸ ಒಂದಿದೆ. ಉಳಿದ ಪೈಸೆಯನ್ನು, ಉಳಿದ ರೂಪಾಯಿಯನ್ನು ಮೇಲಕ್ಕೆ ಹಾಕುವುದೋ ಕೆಳಕ್ಕೆ ಬಿಡುವುದೋ ಎಂಬ ನಿಯಮ ಬರಬೇಕು. ನಿಯಮ ಇಲ್ಲದೆ ನಾಣ್ಯ ಮಾಯವಾದರೆ ನಷ್ಟ ಆಗುವುದು ಚಿಲ್ಲರೆಯಲ್ಲೇ ಜೀವನ ಮಾಡುವವರಿಗೆ.

ಮೊದಲು ನಿಮ್ಮ ಡಬ್ಬದ ವಿಷಯ. ಎಂಟಾಣೆಯನ್ನು ಯಾರೂ ರದ್ದು ಮಾಡಿಲ್ಲ. ಅದು ಇವತ್ತಿಗೂ ಕಾನೂನಿನ ಪ್ರಕಾರ ನಡೆಯುವ ನಾಣ್ಯ. 2011ರ ನಾಣ್ಯ ಕಾಯ್ದೆ ಹೇಳುವುದು ಇಷ್ಟು: 50 ಪೈಸೆಯಲ್ಲಿ ಒಟ್ಟು 10 ರೂಪಾಯಿಯವರೆಗೆ ಕೊಡಬಹುದು. ಒಂದು ರೂಪಾಯಿ ಮತ್ತು ಅದಕ್ಕಿಂತ ಮೇಲಿನ ನಾಣ್ಯದಲ್ಲಿ ಒಟ್ಟು 1000 ರೂಪಾಯಿಯವರೆಗೆ ಕೊಡಬಹುದು. ಬ್ಯಾಂಕಿಗೆ ಕಟ್ಟುವಾಗ ಈ ಮಿತಿ ಅಡ್ಡ ಬರುವುದಿಲ್ಲ. ಗಿರಾಕಿ ಎಷ್ಟು ನಾಣ್ಯ ತಂದರೂ ತನ್ನ ಖಾತೆಗೆ ಕಟ್ಟಬಹುದು ಎಂದು ರಿಸರ್ವ್ ಬ್ಯಾಂಕ್ ಸ್ಪಷ್ಟವಾಗಿ ಹೇಳಿದೆ. ನೂರು ನೂರು ನಾಣ್ಯ ಎಣಿಸಿ ಸಣ್ಣ ಪ್ಲಾಸ್ಟಿಕ್ ಚೀಲದಲ್ಲಿ ಕಟ್ಟಿಕೊಂಡು ಹೋಗಿ. ಒಳಗಿನವರಿಗೂ ಸುಲಭ, ನಿಮಗೂ ಬೇಗ ಕೆಲಸ ಮುಗಿಯುತ್ತದೆ. ತಿಂಗಳ ಮೊದಲ ವಾರ, ಪೆನ್ಷನ್ ದಿನ ಬೇಡ. ಮಧ್ಯಾಹ್ನದ ಮೇಲೆ ಹೋಗಿ. ಆಗಲೂ "ನಾಣ್ಯ ತೆಗೆದುಕೊಳ್ಳುವುದಿಲ್ಲ" ಎಂದರೆ ಬರವಣಿಗೆಯಲ್ಲಿ ಕೊಡಿ ಎಂದು ಕೇಳಿ. ಬ್ಯಾಂಕಿಗೆ ಲಿಖಿತ ದೂರು ಕೊಟ್ಟೂ ಸರಿಯಾಗದಿದ್ದರೆ ಬ್ಯಾಂಕುಗಳ ಮೇಲಿನ ದೂರು ನೋಡುವ ಅಧಿಕಾರಿಯಾದ ರಿಸರ್ವ್ ಬ್ಯಾಂಕಿನ ಓಂಬುಡ್ಸ್‌ಮನ್‌ಗೆ ದೂರು ಕೊಡಬಹುದು. ಸಹಾಯವಾಣಿ 14448. ಸಾಮಾನ್ಯವಾಗಿ ಅಲ್ಲಿಯವರೆಗೆ ಹೋಗಬೇಕಾಗುವುದಿಲ್ಲ.

ಇನ್ನು ದೊಡ್ಡ ಪ್ರಶ್ನೆಗೆ ಬರುತ್ತೇನೆ.

ನಮ್ಮ ದೇಶದಲ್ಲಿ ಸಣ್ಣ ನಾಣ್ಯ ಹೋದದ್ದು ಎರಡು ರೀತಿಯಲ್ಲಿ. ಒಂದು, ಹೇಳಿ ಹೋದದ್ದು. 1957ರ ಏಪ್ರಿಲ್ 1ರಂದು ಆಣೆ ಲೆಕ್ಕ ಹೋಗಿ ನೂರು ಪೈಸೆಯ ಲೆಕ್ಕ ಬಂತು. ಅದಕ್ಕೆ 1955ರಲ್ಲೇ ಕಾಯ್ದೆ ಆಗಿತ್ತು. ಹದಿನಾರಾಣೆಯ ರೂಪಾಯಿ ನೂರು ನಯಾ ಪೈಸೆ ಆಯಿತು. ಹಾಗೆಯೇ 25 ಪೈಸೆ ಮತ್ತು ಅದಕ್ಕಿಂತ ಕೆಳಗಿನ ಎಲ್ಲ ನಾಣ್ಯ 2011ರ ಜೂನ್ 30ರಿಂದ ನಡೆಯುವುದಿಲ್ಲ ಎಂದು 2010ರ ಡಿಸೆಂಬರಿನಲ್ಲೇ ಪ್ರಕಟಣೆ ಬಂತು. ಆರು ತಿಂಗಳು ಸಮಯ ಇತ್ತು. ಜೂನ್ 29ರವರೆಗೆ ಬ್ಯಾಂಕಿನಲ್ಲಿ ಬದಲಿಸಿಕೊಳ್ಳಬಹುದಿತ್ತು. ನಮ್ಮ ಹಳ್ಳಿಯ ಹಿರಿಯರು ಪಾವಲಿ ತುಂಬಿದ ಡಬ್ಬ ಹಿಡಿದುಕೊಂಡು ಕೌಂಟರಿಗೆ ಬಂದದ್ದು ನನಗೆ ಚೆನ್ನಾಗಿ ನೆನಪಿದೆ. ಕಷ್ಟವಾಯಿತು, ಸರತಿ ಉದ್ದವಾಯಿತು, ಆದರೆ ಯಾರ ದುಡ್ಡೂ ಸುಮ್ನೆ ಹೋಗಲಿಲ್ಲ.

ಎರಡನೆಯದು, ಹೇಳದೆ ಹೋದದ್ದು. ಎಂಟಾಣೆಯ ಕಥೆ ಇದೇ. ಒಬ್ಬ ಅಂಗಡಿಯವರು ಬೇಡ ಅಂದರು, ಒಬ್ಬ ಕಂಡಕ್ಟರ್ ಬೇಡ ಅಂದರು, ಆಮೇಲೆ ಎಲ್ಲರೂ ಬೇಡ ಅಂದರು. ಕಾಯ್ದೆಯಲ್ಲಿ ಜೀವ ಇದೆ, ಸಂತೆಯಲ್ಲಿ ಇಲ್ಲ. ಆದೇಶ ಇಲ್ಲದ್ದರಿಂದ ರೌಂಡ್ ಮಾಡುವ, ಅಂದರೆ ಮೊತ್ತವನ್ನು ಹತ್ತಿರದ ರೂಪಾಯಿಗೆ ತರುವ, ನಿಯಮವೂ ಇಲ್ಲ. ಹಾಗಾಗಿ ಪ್ರತಿಯೊಂದು ಎಂಟಾಣೆಯೂ ಯಾರ ಕೈ ಮೇಲಿದೆಯೋ ಅವರ ಪಾಲಾಗುತ್ತದೆ. ಸಾಮಾನ್ಯವಾಗಿ ಅದು ಗಿರಾಕಿಯ ಕೈ ಅಲ್ಲ. ಬದಲಿಗೆ ಒಂದು ಟಾಫಿ ಕೊಟ್ಟು ಕಳಿಸುತ್ತಾರೆ. ಚಿಲ್ಲರೆಯ ಬದಲು ಟಾಫಿ ತೆಗೆದುಕೊಳ್ಳಲೇಬೇಕು ಎಂದು ಯಾವ ಕಾನೂನಿನಲ್ಲೂ ಇಲ್ಲ. ನೀವು ಹಾಗೆ ಮಾಡುತ್ತೀರಿ ಎಂದು ನಾನು ಹೇಳುತ್ತಿಲ್ಲ. ಆದರೆ ನಿಯಮ ಇಲ್ಲದ ಕಡೆ ಒಳ್ಳೆಯ ಅಂಗಡಿಯವರಿಗೂ ಬೇರೆ ದಾರಿ ಇರುವುದಿಲ್ಲ.

ನಮ್ಮ ಕಾಸರಗೋಡಿನಲ್ಲಿ ಇದಕ್ಕೆ ಕಣ್ಣೆದುರಿನ ಉದಾಹರಣೆ ರೇಷನ್ ಅಂಗಡಿ. ಬಿಳಿ ಕಾರ್ಡಿನವರಿಗೆ, ಅಂದರೆ ಆದ್ಯತೆಯ ಪಟ್ಟಿಯಲ್ಲಿಲ್ಲದ ಮನೆಗಳಿಗೆ, ಅಕ್ಕಿ ಕೊಟ್ಟದ್ದು ಕಿಲೋಗೆ 10 ರೂಪಾಯಿ 90 ಪೈಸೆಗೆ. ಎರಡು ಕಿಲೋ ತೆಗೆದುಕೊಂಡರೆ 21 ರೂಪಾಯಿ 80 ಪೈಸೆ. ಐದು ಕಿಲೋ ಆದರೆ 54 ರೂಪಾಯಿ 50 ಪೈಸೆ. ಹತ್ತು ಪೈಸೆ ನಾಣ್ಯ ರದ್ದಾದದ್ದು 2011ರಲ್ಲಿ. ಅಂದಮೇಲೆ 21.80ನ್ನು ನೋಟು ನಾಣ್ಯದಲ್ಲಿ ಸರಿಯಾಗಿ ಕೊಡುವುದು ದೇಶದಲ್ಲಿ ಯಾರಿಗೂ ಸಾಧ್ಯವಿಲ್ಲ. ಎಂಟಾಣೆ ಕಿಸೆ ತುಂಬ ಇದ್ದರೂ ಸಾಧ್ಯವಿಲ್ಲ. ಬೆಲೆ ಇಡುವ ಕಚೇರಿ ಒಂದು, ನಾಣ್ಯ ತೆಗೆಯುವ ಕಚೇರಿ ಇನ್ನೊಂದು. ಇಬ್ಬರೂ ಕೂತು ಮಾತಾಡದಿದ್ದರೆ ಆಗುವುದು ಇದೇ. ಇಪ್ಪತ್ತು ಪೈಸೆ ಏನು ಮಹಾ ಅನ್ನಬಹುದು. ನನಗೆ ಹಾಗೆ ಅನ್ನಿಸುವುದಿಲ್ಲ. ರೇಷನ್ ಅಕ್ಕಿಗೆ ಕಾಯುವ ಮನೆಯಿಂದ ತಿಂಗಳು ತಿಂಗಳೂ ಹೋಗುವ ದುಡ್ಡು ಅದು, ಲೆಕ್ಕದಲ್ಲಿ ಎಲ್ಲೂ ಕಾಣದೆ ಹೋಗುತ್ತದೆ.

ಬ್ಯಾಂಕಿನ ಒಳಗೆ ಈ ಗೊಂದಲ ಇಲ್ಲ. ಬಡ್ಡಿ ಹಾಕುವಾಗ 50 ಪೈಸೆ ಮತ್ತು ಅದಕ್ಕಿಂತ ಹೆಚ್ಚಿದ್ದರೆ ಮುಂದಿನ ರೂಪಾಯಿ, ಕಡಿಮೆ ಇದ್ದರೆ ಬಿಡುವುದು. ರಿಸರ್ವ್ ಬ್ಯಾಂಕಿನ ನಿರ್ದೇಶನ ಅದು. ಜಿಎಸ್‌ಟಿ ಕಾಯ್ದೆಯಲ್ಲೂ ತೆರಿಗೆಯ ಮೊತ್ತವನ್ನು ಹೀಗೆಯೇ ಹತ್ತಿರದ ರೂಪಾಯಿಗೆ ತರುತ್ತಾರೆ. ಅಂದರೆ ಸರಕಾರಕ್ಕೆ, ಬ್ಯಾಂಕಿಗೆ ನಿಯಮ ಇದೆ. ಕೌಂಟರಿನ ಈಚೆ ನಿಂತವರಿಗೆ ಮಾತ್ರ ಇಲ್ಲ. ಅದೇ ನಿಯಮವನ್ನು ನಗದು ವ್ಯಾಪಾರಕ್ಕೂ ಬರೆದು, ಎಂಟಾಣೆಯನ್ನು ಆರು ತಿಂಗಳ ಗಡುವು ಕೊಟ್ಟು ವಾಪಸ್ ತೆಗೆದುಕೊಂಡರೆ ಈ ಅಧ್ಯಾಯ ಮುಗಿಯುತ್ತದೆ.

ಅಮೆರಿಕದ ವಿಷಯ ನೀವು ಹೇಳಿದ್ದು ಸರಿ. 2025ರ ನವೆಂಬರಿನಲ್ಲಿ ಫಿಲಡೆಲ್ಫಿಯಾದ ಟಂಕಸಾಲೆಯಲ್ಲಿ ಚಲಾವಣೆಗೆಂದು ಕೊನೆಯ ಒಂದು ಸೆಂಟ್ ಅಚ್ಚಾಯಿತು. ಒಂದು ಸೆಂಟ್ ಮಾಡಲು 3.69 ಸೆಂಟ್ ಖರ್ಚಾಗುತ್ತಿತ್ತು. ಆದರೆ ರೌಂಡ್ ಮಾಡುವ ದೇಶವ್ಯಾಪಿ ಕಾನೂನು ಬರುವ ಮೊದಲೇ ಅಚ್ಚು ನಿಂತಿತು. ಅಂಗಡಿಯವರು ತಲೆ ಕೆರೆದುಕೊಳ್ಳುವಂತಾಯಿತು. ಪಕ್ಕದ ಕೆನಡಾ ಇದಕ್ಕಿಂತ ಚೆನ್ನಾಗಿ ಮಾಡಿತ್ತು. ಅಲ್ಲಿ 2012ರ ಬಜೆಟ್‌ನಲ್ಲಿ ಹೇಳಿದರು, ಆ ವರ್ಷ ಮೇ ತಿಂಗಳಲ್ಲಿ ಅಚ್ಚು ನಿಲ್ಲಿಸಿದರು, 2013ರ ಫೆಬ್ರವರಿ 4ರಿಂದ ಹಂಚುವುದನ್ನು ನಿಲ್ಲಿಸಿದರು. ರೌಂಡ್ ಮಾಡುವುದು ಹೇಗೆ ಎಂದು ಮೊದಲೇ ಪ್ರಕಟಿಸಿದ್ದರು. ಬಿಲ್ಲಿನ ಕೊನೆಯಲ್ಲಿ 1, 2 ಸೆಂಟ್ ಬಂದರೆ ಬಿಡುವುದು, 3, 4 ಬಂದರೆ 5 ಮಾಡುವುದು, 6, 7 ಬಂದರೆ 5ಕ್ಕೆ ಇಳಿಸುವುದು, 8, 9 ಬಂದರೆ 10 ಮಾಡುವುದು. ಒಂದೊಂದು ಸಾಮಾನಿಗೆ ಅಲ್ಲ, ಒಟ್ಟು ಬಿಲ್ಲಿಗೆ. ಅದೂ ನಗದು ಕೊಟ್ಟರೆ ಮಾತ್ರ. ಕಾರ್ಡಿನಲ್ಲಿ ಕೊಟ್ಟವರಿಗೆ ಸೆಂಟ್ ಸಹಿತ ಲೆಕ್ಕ. ನ್ಯೂಜಿಲೆಂಡ್ ಇನ್ನೂ ಮುಂದೆ ಹೋಗಿ 2006ರಲ್ಲಿ ಐದು ಸೆಂಟ್ ನಾಣ್ಯವನ್ನೂ ತೆಗೆಯಿತು.

ಹಾಗಾದರೆ ನಮ್ಮಲ್ಲಿ ಐದರ ಲೆಕ್ಕ ಯಾಕೆ ಬೇಡ? ಉತ್ತರ ನಿಮ್ಮ ಅಂಗಡಿ ಮುಂದೆ ನಿಲ್ಲುವ ಬಸ್ಸಿನಲ್ಲಿದೆ.

ಕೇರಳದಲ್ಲಿ 2022ರ ಮೇ 1ರಿಂದ ಬಸ್ಸಿನ ಕನಿಷ್ಠ ದರ 8ರಿಂದ 10 ರೂಪಾಯಿ ಆಯಿತು. ಆಮೇಲೆ ಕಿಲೋಮೀಟರಿಗೆ 1 ರೂಪಾಯಿ. ಎರಡೂವರೆ ಕಿಲೋಮೀಟರಿಗೆ ಒಂದು ಹಂತ. ಹಾಗಾಗಿ ಮುಂದಿನ ಹಂತಕ್ಕೆ 12 ರೂಪಾಯಿ 50 ಪೈಸೆ ಬರಬೇಕು. ಎಂಟಾಣೆ ನಡೆಯುವುದಿಲ್ಲವಲ್ಲ, ಅದು 13 ಆಯಿತು. ಆಮೇಲೆ 15, ಆಮೇಲೆ 18, 20, 23, ಹೀಗೆ. ಈಗ ನೀವು ಹೇಳಿದ ಐದರ ಲೆಕ್ಕ ಹಾಕಿ ನೋಡಿ. ಕೆನಡಾದ ನಿಯಮದಂತೆ 13 ಏನಾಗುತ್ತದೆ? 15. 18 ಏನಾಗುತ್ತದೆ? 20. 23 ಏನಾಗುತ್ತದೆ? 25. ಒಂದೂ ಕೆಳಗೆ ಇಳಿಯುವುದಿಲ್ಲ. ಮೇಲೆ ಹೋದಷ್ಟೇ ಕೆಳಗೂ ಬರುತ್ತದೆ, ಒಟ್ಟಿನಲ್ಲಿ ಯಾರಿಗೂ ನಷ್ಟ ಇಲ್ಲ ಎಂಬುದು ರೌಂಡ್ ಮಾಡುವವರ ವಾದ. ದೊಡ್ಡ ಅಂಗಡಿಯಲ್ಲಿ ಹತ್ತಾರು ಸಾಮಾನು ಸೇರಿದ ಬಿಲ್ಲಿಗೆ ಆ ಮಾತು ಸರಿ. ನಮ್ಮ ಬಸ್ಸಿಗೆ ಸರಿಯಲ್ಲ. ಇಲ್ಲಿ ಐದರ ಲೆಕ್ಕಕ್ಕೆ ಕೂಡದ ದರದ ಕೊನೆಯ ಅಂಕೆ ಯಾವಾಗಲೂ 3 ಅಥವಾ 8. ಮುಳ್ಳೇರಿಯ ಕಡೆಯಿಂದ ಕೂಲಿಗೆ ಬರುವ ಒಬ್ಬ ಅಕ್ಕ ಹೋಗುವಾಗ 2, ಬರುವಾಗ 2, ದಿನಕ್ಕೆ 4 ರೂಪಾಯಿ ಜಾಸ್ತಿ ಕೊಡಬೇಕಾಗುತ್ತದೆ. ತಿಂಗಳಿಗೆ ಇಪ್ಪತ್ತೈದು ದಿನ ಕೆಲಸ ಇದ್ದರೆ 100 ರೂಪಾಯಿ. ಬಸ್ ದರ ಏರಿಸಿದ್ದೇವೆ ಎಂದು ಯಾರೂ ಹೇಳದೆಯೇ ದರ ಏರಿದ ಹಾಗೆ.

ಇದಕ್ಕಿಂತ ದೊಡ್ಡ ಸಂಗತಿ ಶಾಲೆ ಮಕ್ಕಳದ್ದು. ಕೇರಳದಲ್ಲಿ ವಿದ್ಯಾರ್ಥಿಗಳಿಗೆ ಬಸ್ಸಿನ ಕನಿಷ್ಠ ದರ 1 ರೂಪಾಯಿ. 2022ರಲ್ಲಿ ಎಲ್ಲರ ದರ ಏರಿದಾಗಲೂ ಮಕ್ಕಳ ದರ ಮುಟ್ಟಲಿಲ್ಲ. ಅದನ್ನು ಏರಿಸಬೇಕು ಎಂದು ಖಾಸಗಿ ಬಸ್ಸಿನವರು ಮತ್ತೆ ಮತ್ತೆ ಕೇಳುತ್ತಲೇ ಬಂದಿದ್ದಾರೆ. ಡೀಸೆಲ್ ಬೆಲೆ ನೋಡಿದರೆ ಅವರ ಕಷ್ಟವೂ ನಿಜ. ಆದರೆ ಮಕ್ಕಳ ದರ ಎಷ್ಟು ಎಂಬುದು ವಿಧಾನಸಭೆಯಲ್ಲಿ, ಪೇಪರಿನಲ್ಲಿ, ಜನರ ಎದುರು ಚರ್ಚೆಯಾಗಿ ತೀರ್ಮಾನ ಆಗಬೇಕಾದ ವಿಷಯ. ಒಂದು, ಎರಡು ರೂಪಾಯಿ ನಾಣ್ಯ ತೆಗೆದುಬಿಟ್ಟರೆ, 1 ರೂಪಾಯಿಯನ್ನು ಬಿಟ್ಟು ಪುಕ್ಕಟೆ ಕರೆದೊಯ್ಯಲು ಯಾರೂ ಒಪ್ಪುವುದಿಲ್ಲವಾದ್ದರಿಂದ, ಆ ಚರ್ಚೆಯೇ ಇಲ್ಲದೆ ದರ 5 ಆಗಿಬಿಡುತ್ತದೆ. ನಮ್ಮ ಜಿಲ್ಲೆಯಲ್ಲಿ ಕನ್ನಡ ಮಾಧ್ಯಮದ ಶಾಲೆ ಎಲ್ಲ ಊರಿನಲ್ಲೂ ಇಲ್ಲ. ಕನ್ನಡದಲ್ಲಿ ಓದಬೇಕಾದ ಮಗು ಹತ್ತಿರದ ಶಾಲೆ ದಾಟಿ ಇನ್ನೊಂದಕ್ಕೆ ಬಸ್ ಹತ್ತಬೇಕಾಗುವುದುಂಟು. ಮನೆಯಲ್ಲಿ ಇಬ್ಬರು ಮೂವರು ಮಕ್ಕಳಿದ್ದರೆ ಒಂದು ರೂಪಾಯಿಗೂ ಐದು ರೂಪಾಯಿಗೂ ಇರುವ ವ್ಯತ್ಯಾಸ ಅಮ್ಮನಿಗೆ ಗೊತ್ತಾಗುತ್ತದೆ. ಈ ಕಾರಣ ಒಂದೇ ಸಾಕು, ನಾನು ಒಂದು ರೂಪಾಯಿ ನಾಣ್ಯದ ಪರ ನಿಲ್ಲುತ್ತೇನೆ.

ನಾಣ್ಯ ಮಾಡುವ ಖರ್ಚಿನ ವಾದವೂ ಇದೆ. ಒಂದು ರೂಪಾಯಿ ನಾಣ್ಯ ಅಚ್ಚು ಹಾಕಲು 1 ರೂಪಾಯಿ 11 ಪೈಸೆ ಖರ್ಚಾಗುತ್ತದೆ ಎಂದು 2018ರಲ್ಲಿ ಮಾಹಿತಿ ಹಕ್ಕಿನ ಅರ್ಜಿಗೆ ಸರಕಾರಿ ಟಂಕಸಾಲೆಯ ಉತ್ತರ ಬಂದಿತ್ತು. ಎರಡು ರೂಪಾಯಿಗೆ 1.28, ಐದಕ್ಕೆ 3.69, ಹತ್ತಕ್ಕೆ 5.54. ಬೆಲೆಗಿಂತ ಖರ್ಚು ಜಾಸ್ತಿ, ನಷ್ಟ ಅಲ್ವಾ ಎಂದು ಕೇಳುತ್ತಾರೆ. ನಾಣ್ಯ ಒಂದು ಸಲ ಕೈ ಬದಲಿಸಿ ನಿಂತರೆ ನಷ್ಟವೇ. ಅಮೆರಿಕದ ಸೆಂಟ್‌ಗೆ ಆದದ್ದು ಅದು. ಅಂಗಡಿಯಿಂದ ಮನೆಗೆ ಬಂತು, ಡಬ್ಬಕ್ಕೆ ಬಿತ್ತು, ಹೊರಗೆ ಬರಲಿಲ್ಲ. ಹಾಗಾಗಿ ಪ್ರತಿ ವರ್ಷ ಹೊಸದು ಅಚ್ಚು ಹಾಕಬೇಕಾಯಿತು. ನಮ್ಮ ಎಂಟಾಣೆಯೂ ಹಾಗೆಯೇ, ನಿಮ್ಮ ಡಬ್ಬವೇ ಸಾಕ್ಷಿ.

ಒಂದು ರೂಪಾಯಿ ಹಾಗಲ್ಲ. ಬೆಳಿಗ್ಗೆ ಮಗು ಕಂಡಕ್ಟರಿಗೆ ಕೊಡುತ್ತದೆ. 13 ರೂಪಾಯಿ ಟಿಕೆಟಿಗೆ 15 ಕೊಟ್ಟವರಿಗೆ ಕಂಡಕ್ಟರ್ ಅದನ್ನೇ ಎರಡು ಸೇರಿಸಿ ಕೊಡುತ್ತಾರೆ. ಆ ಪ್ರಯಾಣಿಕರು ಇಳಿದು ನಿಮ್ಮಲ್ಲಿ ಬೆಂಕಿಪೆಟ್ಟಿಗೆ ತೆಗೆದುಕೊಳ್ಳುತ್ತಾರೆ. ನೀವು ಸಂಜೆ ಇನ್ನೊಂದು ಮಗುವಿನ ಅಮ್ಮನಿಗೆ ಚಿಲ್ಲರೆ ಕೊಡುತ್ತೀರಿ. ಮರುದಿನ ಮತ್ತೆ ಬಸ್ಸಿಗೆ. ನಾಲ್ಕು ಗ್ರಾಂಗೂ ಕಡಿಮೆ ತೂಗುವ ಸ್ಟೀಲಿನ ಬಿಲ್ಲೆ ಅದು. ತುಕ್ಕು ಹಿಡಿಯುವುದಿಲ್ಲ, ಹರಿಯುವುದಿಲ್ಲ. ವರ್ಷಗಟ್ಟಲೆ ಹೀಗೆ ತಿರುಗುತ್ತದೆ. ಅದು ಮಾಡುವ ಕೆಲಸದ ಮುಂದೆ 11 ಪೈಸೆಯ ಹೆಚ್ಚಿನ ಖರ್ಚು ಏನೂ ಅಲ್ಲ. ಒಂದು ನಾಣ್ಯ ಇರಬೇಕೋ ಬೇಡವೋ ಎಂದು ನೋಡಲು ನಾನು ಕೇಳುವ ಪ್ರಶ್ನೆ ಇದೊಂದೇ: ಕೊಟ್ಟದ್ದು ವಾಪಸ್ ಬರುತ್ತದೆಯೇ?

ಬೆಂಕಿಪೆಟ್ಟಿಗೆ ಎಂದೆನಲ್ಲ, ಅದನ್ನೂ ನೋಡಿ. 2007ರಲ್ಲಿ 50 ಪೈಸೆಯಿಂದ 1 ರೂಪಾಯಿ ಆಗಿತ್ತು. 2021ರ ಡಿಸೆಂಬರ್ 1ರಂದು 2 ರೂಪಾಯಿ ಆಯಿತು. ಶಿವಕಾಶಿ, ಸಾತ್ತೂರು, ಕೋವಿಲ್‌ಪಟ್ಟಿಯ ಕಾರ್ಖಾನೆಯವರು ಕೂತು ತೀರ್ಮಾನಿಸಿದ್ದು. ಹದಿನಾಲ್ಕು ವರ್ಷ ಬೆಲೆ ಏರಿಸಿರಲಿಲ್ಲ, ಏರಿಸಿದಾಗ ಒಮ್ಮೆಲೇ ಇಮ್ಮಡಿ. ಯಾಕೆಂದರೆ ಒಂದೂವರೆ ರೂಪಾಯಿ ಎಂದು ಇಡಲು ಎಂಟಾಣೆ ನಡೆಯುವುದಿಲ್ಲ. ನಾಣ್ಯ ಇಲ್ಲದಿದ್ದರೆ ಬೆಲೆ ಮೆಟ್ಟಿಲು ಹಾರುತ್ತದೆ. ಎರಡು ರೂಪಾಯಿ ನಾಣ್ಯವೂ ಹೋದರೆ ಮುಂದಿನ ಮೆಟ್ಟಿಲು ಐದು. ಶಾಂಪೂ ಪ್ಯಾಕೆಟ್, ಮಿಠಾಯಿ, ಬಿಡಿ ಬೀಡಿ, ಒಂದು ನಿಂಬೆ ಹುಳಿ, ಎಲ್ಲಕ್ಕೂ ಅದೇ ಗತಿ. 12 ರೂಪಾಯಿಯ ಚಹಾವನ್ನೇ ತೆಗೆದುಕೊಳ್ಳಿ. 10 ಮಾಡಿದರೆ ಹೋಟೆಲಿನವರಿಗೆ ಆರನೇ ಒಂದು ಭಾಗ ನಷ್ಟ. 15 ಮಾಡಿದರೆ ಕುಡಿಯುವವರಿಗೆ ಕಾಲು ಭಾಗ ಜಾಸ್ತಿ. ಕೆನಡಾದಲ್ಲಿ ಎರಡು ಸೆಂಟ್ ರೌಂಡ್ ಮಾಡಿದಾಗ ಒಂದು ಕಾಫಿಯ ಬೆಲೆಯಲ್ಲಿ ಅದು ಗೊತ್ತೇ ಆಗುವುದಿಲ್ಲ. ನಮ್ಮಲ್ಲಿ ಗೊತ್ತಾಗುತ್ತದೆ. ಬೇರೆ ದೇಶದ ನಿಯಮವನ್ನು ತರುವ ಮೊದಲು ಅಲ್ಲಿಯ ಅತಿ ಸಣ್ಣ ಖರೀದಿ ಎಷ್ಟು, ನಮ್ಮದೆಷ್ಟು ಎಂದು ನೋಡಬೇಕು.

"ಈಗ ಎಲ್ಲರ ಹತ್ತಿರ ಫೋನ್ ಇದೆ, ಗೂಗಲ್ ಪೇ ಇದೆ" ಎನ್ನುವವರಿದ್ದಾರೆ. ಯುಪಿಐ 2016ರಲ್ಲಿ ಬಂದ ಮೇಲೆ ಚಿಲ್ಲರೆ ಜಗಳ ತುಂಬ ಕಡಿಮೆಯಾಗಿದೆ, ಒಪ್ಪುತ್ತೇನೆ. 21.80ನ್ನು ಪೈಸೆ ಸಹಿತ ಕೊಡಬಹುದು. ಆದರೆ ಆರನೇ ತರಗತಿಯ ಮಗುವಿನ ಕೈಯಲ್ಲಿ ಫೋನ್ ಇಲ್ಲ, ಇರಬೇಕು ಎಂದೂ ನಾನು ಬಯಸುವುದಿಲ್ಲ. ಬೆಳಗ್ಗಿನ ಬಸ್ಸಿನಲ್ಲಿ ಬಾಗಿಲ ಹತ್ತಿರ ನೇತಾಡುವವರಿಂದ ಒಂದೊಂದು ರೂಪಾಯಿ ಸ್ಕ್ಯಾನ್ ಮಾಡಿಸಲು ಯಾವ ಕಂಡಕ್ಟರಿಗೂ ಆಗುವುದಿಲ್ಲ. ಮಳೆಗಾಲದಲ್ಲಿ ಕರೆಂಟೂ ನೆಟ್‌ವರ್ಕೂ ಒಟ್ಟಿಗೆ ಹೋಗುವ ಒಳಪ್ರದೇಶಗಳ ವಿಷಯ ನಿಮಗೇ ಗೊತ್ತು.

ಇನ್ನು ದಕ್ಷಿಣೆ, ಮುಯ್ಯಿಯ ಒಂದು ರೂಪಾಯಿ. 101, 501 ಎಂದು ಕೊಡುವ ನಮ್ಮ ಪದ್ಧತಿಗೆ ಆ ಒಂದು ಬೇಕೇ ಬೇಕು. ಇದು ಆರ್ಥಿಕ ಕಾರಣ ಅಲ್ಲ, ಆದರೂ ಜನ ಬಿಡುವುದಿಲ್ಲ. ಕಾಣಿಕೆ ಡಬ್ಬಿಯಲ್ಲಿ ಸೇರಿದ ನಾಣ್ಯ ಎಣಿಕೆಯಾಗಿ ಮತ್ತೆ ಅಂಗಡಿಗಳಿಗೆ ಬರುವುದೂ ಉಂಟು. ಮಧೂರಿನಂಥ ದೊಡ್ಡ ಕ್ಷೇತ್ರ ಇರಲಿ, ಸಣ್ಣ ಭಜನಾ ಮಂದಿರ ಇರಲಿ, ಎಣಿಕೆಯ ದಿನ ವಿಚಾರಿಸಿ ನೋಡಿ. ಎಣಿಸಿದ ನಾಣ್ಯ ಬ್ಯಾಂಕಿಗೆ ಹೊರುವ ಕಷ್ಟ ಅವರಿಗೂ ತಪ್ಪುತ್ತದೆ.

ಒಂದು ರೂಪಾಯಿ ಶಾಶ್ವತವಾಗಿ ಇರಬೇಕು ಎಂದು ನಾನು ಹೇಳುತ್ತಿಲ್ಲ. 2012ಕ್ಕೆ ಹೋಲಿಸಿದರೆ ಬೆಲೆಗಳು ಹತ್ತಿರ ಹತ್ತಿರ ಎರಡು ಪಟ್ಟು ಆಗಿವೆ. ಅಂದಿನ ಎಂಟಾಣೆ ಕೊಳ್ಳುತ್ತಿದ್ದಷ್ಟನ್ನೇ ಇಂದಿನ ರೂಪಾಯಿ ಕೊಳ್ಳುತ್ತದೆ. ಅದರ ದಿನವೂ ಬರುತ್ತದೆ. ಆದರೆ ಕ್ರಮ ತಪ್ಪಬಾರದು. ಮೊದಲು ಸರಕಾರವೇ ಇಡುವ ದರಗಳು, ಅಂದರೆ ಬಸ್ಸು, ರೇಷನ್, ಫೀಸು, ಆ ನಾಣ್ಯ ಬೇಡದ ಹಾಗೆ ಬದಲಾಗಬೇಕು. ಅದೂ ಜನರಿಗೆ ಹೇಳಿ ಆಗಬೇಕು. ಆಮೇಲೆ ರೌಂಡ್ ಮಾಡುವ ನಿಯಮ ಬರಬೇಕು. ಅಚ್ಚು ನಿಲ್ಲಿಸುವುದು ಅದಾದ ಮೇಲೆ. ರದ್ದು ಮಾಡುವುದು ಎಲ್ಲಕ್ಕಿಂತ ಕೊನೆಗೆ. ಎಂಟಾಣೆಯ ವಿಷಯದಲ್ಲಿ ಈ ಕ್ರಮ ಪೂರ್ತಿ ತಿರುಗುಮುರುಗು ಆಯಿತು. ಮತ್ತೆ ಹಾಗಾಗಬಾರದು ಎಂಬುದೇ ನನ್ನ ಕಾಳಜಿ.

ಅಲ್ಲಿಯವರೆಗೆ ನಿಮ್ಮ ಜಗಳ ಕಡಿಮೆ ಮಾಡಲು ಕೆಲವು ಮಾತು. ನಾಣ್ಯ ಇಲ್ಲ ಎಂದರೆ ದೇಶದಲ್ಲಿ ಇಲ್ಲ ಎಂದಲ್ಲ, ನಿಮ್ಮ ಗಲ್ಲಾಪೆಟ್ಟಿಗೆಗೆ ಬಂದಿಲ್ಲ ಎಂದರ್ಥ. ಬಸ್ಸಿನವರ ಹತ್ತಿರ ಸಂಜೆಗೆ ಒಂದು, ಎರಡು ರೂಪಾಯಿ ಬೇಕಾದಷ್ಟು ಸೇರಿರುತ್ತದೆ. ಅವರಿಗೆ ನೋಟು ಬೇಕು, ನಿಮಗೆ ನಾಣ್ಯ ಬೇಕು. ಪರಿಚಯದ ಕಂಡಕ್ಟರ್ ಒಬ್ಬರಿಗೆ ಹೇಳಿಟ್ಟರೆ ವಾರಕ್ಕಾಗುವಷ್ಟು ಚಿಲ್ಲರೆ ಸಿಗುತ್ತದೆ. ಕಮಿಷನ್ ಕೊಟ್ಟು ಚಿಲ್ಲರೆ ಕೊಳ್ಳಬೇಡಿ. ಬ್ಯಾಂಕಿನಲ್ಲೂ ಕೇಳಿ, ನೋಟು ಕೊಟ್ಟು ನಾಣ್ಯ ಪಡೆಯುವುದು ನಿಮ್ಮ ಹಕ್ಕು. ಹತ್ತು ರೂಪಾಯಿ ನಾಣ್ಯ ಬಂದರೆ ಧೈರ್ಯವಾಗಿ ತೆಗೆದುಕೊಳ್ಳಿ. ಚಿತ್ರ ಬೇರೆ ಬೇರೆ ಇರುವುದು ನಿಜ. ಆಗಲೇ ಬಂದಿದ್ದ 14 ವಿನ್ಯಾಸಗಳೂ ಅಸಲಿ ಎಂದು ರಿಸರ್ವ್ ಬ್ಯಾಂಕ್ 2018ರ ಜನವರಿಯಲ್ಲಿ ಹೇಳಿದೆ. ತಲಪಾಡಿ ಗಡಿಯ ಆಚೆ ಕರ್ನಾಟಕಕ್ಕೆ ಹೋದರೂ ಅದೇ ಕಾನೂನು.

ಕೊನೆಗೆ, ಗಲ್ಲಾದ ಎದುರು ಕನ್ನಡದಲ್ಲೂ ಮಲಯಾಳದಲ್ಲೂ ಒಂದು ಚೀಟಿ ಅಂಟಿಸಿ: "ಬಿಡಿ ಸಾಮಾನಿನ ಒಟ್ಟು ಲೆಕ್ಕದಲ್ಲಿ 50 ಪೈಸೆಗಿಂತ ಕಡಿಮೆ ಇದ್ದರೆ ಬಿಡುತ್ತೇವೆ. 50 ಅಥವಾ ಹೆಚ್ಚಿದ್ದರೆ ಒಂದು ರೂಪಾಯಿ. ಫೋನಿನಲ್ಲಿ ಕೊಟ್ಟರೆ ಪೈಸೆ ಸಹಿತ." ಎಂಆರ್‌ಪಿ ಅಚ್ಚಾಗಿರುವ ಸಾಮಾನಿಗೆ ಮಾತ್ರ ಮೇಲಕ್ಕೆ ರೌಂಡ್ ಮಾಡಬೇಡಿ, ಎಂಆರ್‌ಪಿಗಿಂತ ಒಂದು ಪೈಸೆ ಜಾಸ್ತಿ ತೆಗೆದುಕೊಳ್ಳುವಂತಿಲ್ಲ. ಅಲ್ಲಿ ಪೈಸೆ ಬಂದರೆ ಯಾವಾಗಲೂ ಬಿಟ್ಟುಬಿಡಿ.